ಗೆರೆಯಣ್ಣನ ಸುಕ್ಕಿನ ಹಬ್ಬ

ಹಬ್ಬ ಬಂತೆಂದರೆ ಊರಿಗೆಲ್ಲ ಸಂಭ್ರಮ, ಇಸ್ತ್ರಿ ಅಂಗಡಿಯವನಿಗೆ ಮಾತ್ರ ಗ್ರಹಚಾರ. ಯಾರು ಯೋಚಿಸುತ್ತಾರೆ ಇದನ್ನೆಲ್ಲ? ಬೆಳಿಗ್ಗೆ ಎದ್ದು ಸ್ನಾನ ಮುಗಿಸಿ, ಗರಿಗರಿ ಅಂಗಿ ತೊಟ್ಟು, ಕನ್ನಡಿಯಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ ನೋಡಿಕೊಳ್ಳುವವರಿಗೆ ಆ ಅಂಗಿ ಮರದಲ್ಲಿ ಹಾಗೇ ಬಿಟ್ಟಿತ್ತು, ತಾವು ಕಿತ್ತುಕೊಂಡು ಬಂದೆವು ಅನ್ನುವ ಭಾವನೆ. ಅದರ ಹಿಂದೆ ಒಬ್ಬ ಮನುಷ್ಯ ನಿನ್ನೆಯಿಂದ ನಿಂತೇ ಇದ್ದಾನೆ, ಅವನ ಕಾಲು ಮರಗಟ್ಟಿದೆ, ಹೊಟ್ಟೆ ತಾಳ ಹಾಕುತ್ತಿದೆ ಅನ್ನುವುದು ಯಾರ ತಲೆಗೂ ಹೊಳೆಯುವುದಿಲ್ಲ.

ಆ ಮನುಷ್ಯನನ್ನು ಬೀದಿಯವರೆಲ್ಲ ಗೆರೆಯಣ್ಣ ಎಂದು ಕರೆಯುತ್ತಿದ್ದರು. ಪ್ಯಾಂಟಿಗೆ ಅವನು ಹಾಕುವ ಗೆರೆಯಲ್ಲಿ ತರಕಾರಿ ಹೆಚ್ಚಬಹುದು ಎಂದು ಯಾರೋ ತಮಾಷೆ ಮಾಡಿದ್ದರು, ಹೆಸರು ಅಂಟಿಕೊಂಡಿತು. ಅಂಗಡಿ ಅಂದರೆ ಓಣಿಯಂಥ ಒಂದು ಉದ್ದನೆಯ ಕೋಣೆ. ಮೇಜಿನ ಮೇಲೆ ಹಳೇ ಕಂಬಳಿ, ಅದರ ಮೇಲೆ ಅಲ್ಲಲ್ಲಿ ಸುಟ್ಟ ಕಲೆ ಬಿದ್ದ ಬಿಳಿ ಬಟ್ಟೆ, ಹಿಡಿಗೆ ಚಿಂದಿ ಸುತ್ತಿದ ಭಾರದ ಇಸ್ತ್ರಿ ಪೆಟ್ಟಿಗೆ, ನೀರು ಚಿಮುಕಿಸಲು ಮುಚ್ಚಳಕ್ಕೆ ತೂತು ಕೊರೆದ ಬಾಟಲಿ, ಗೋಡೆಯುದ್ದಕ್ಕೂ ಬಟ್ಟೆಯ ಗಂಟುಗಳು. ಗಿರಾಕಿಗಳಿಗೆಂದು ಒಂದು ಕುರ್ಚಿ. ಅದರಲ್ಲಿ ಗೆರೆಯಣ್ಣ ಕೂತದ್ದನ್ನು ಕಂಡವರಿಲ್ಲ. ಅಂಗಡಿಯ ಹಿಂದೆ ಒಂದು ಪರದೆ, ಪರದೆಯಾಚೆ ಮನೆ. ಅಡುಗೆಮನೆಯಲ್ಲಿ ಈರುಳ್ಳಿ ಬಾಣಲೆಗೆ ಬಿದ್ದರೆ ಅದರ ಘಮ ನೇರವಾಗಿ ಬಂದು ಅವನ ಮೂಗಿಗೆ ಹೊಡೆಯುತ್ತಿತ್ತು. ಊಟ ಅಷ್ಟು ಹತ್ತಿರವಿದ್ದರೂ ಅವನ ಬಾಯಿಗೆ ಬೀಳುತ್ತಿದ್ದದ್ದು ತಣ್ಣಗಾದ ಮೇಲೆಯೇ.

ಅವನ ಹೆಂಡತಿಗೆ ಒಂದು ಶಾಲೆಯ ಅಡುಗೆಮನೆಯಲ್ಲಿ ಕೆಲಸ. ಆಳೆತ್ತರದ ಪಾತ್ರೆಗಳು, ದೋಣಿ ನಡೆಸುವ ಹುಟ್ಟಿನಷ್ಟು ಉದ್ದದ ಸೌಟು. ಶಾಲೆಗೆ ರಜೆ ಬಂದ ದಿನ ಮಾತ್ರ ಅವಳು ಮನೆಯ ಕಪಾಟಿನಿಂದ ಒಂದು ಪುಟ್ಟ ಪಾತ್ರೆ ತೆಗೆಯುತ್ತಿದ್ದಳು. ಇಬ್ಬರಿಗೆ ಸರಿಯಾಗುವ ಪಾತ್ರೆ, ತಾಮ್ರದ್ದು, ಬುಡ ಸ್ವಲ್ಪ ಸೊಟ್ಟ. ಶಾಲೆಗೆ ರಜೆ ಅಂದರೆ ಹಬ್ಬ, ಹಬ್ಬ ಅಂದರೆ ಗೆರೆಯಣ್ಣನ ಅಂಗಡಿಯಲ್ಲಿ ನೂಕುನುಗ್ಗಲು. ಹೀಗೆ ಆ ಪುಟ್ಟ ಪಾತ್ರೆಗೂ ಗೆರೆಯಣ್ಣನಿಗೂ ಮುಖಾಮುಖಿಯಾಗುವ ಯೋಗವೇ ಕೂಡಿ ಬಂದಿರಲಿಲ್ಲ.

ಒಂದು ಹಬ್ಬದ ದಿನ ಅವಳು ಸೂಪನ್ನು ಒಲೆಗಿಟ್ಟು ಇಳಿಸಿ, ಇಟ್ಟು ಇಳಿಸಿ ಸಾಕಾಗಿ ಪರದೆ ಸರಿಸಿ ಬಂದು ನಿಂತಳು. ಗೆರೆಯಣ್ಣ ಯಾರದೋ ಕೋಟಿನ ತೋಳಿನೊಳಗೆ ಮೊಣಕೈವರೆಗೂ ಕೈ ಹಾಕಿಕೊಂಡಿದ್ದ.

"ರೀ, ವರ್ಷವೆಲ್ಲ ಊರ ಮಕ್ಕಳಿಗೆ ಬೇಯಿಸ್ತೀನಿ. ಯಾರು ತಿಂದ್ರು, ಯಾರು ಚೆಲ್ಲಿದ್ರು ಅಂತಾನೂ ಗೊತ್ತಾಗಲ್ಲ. ರಜಾ ದಿನ ಇಬ್ಬರಿಗೆ ಅಂತ ಆಸೆಯಿಂದ ಚಿಕ್ಕ ಪಾತ್ರೆ ತೆಗೀತೀನಿ. ಅದರ ಮುಂದೆ ನಾನೊಬ್ಬಳೇ ಕೂತು ಉಣ್ಬೇಕಾ?"

"ಇನ್ನೇನು ಮುಗೀತು, ಇದೊಂದು ಕೋಟು..."

"ಕೋಟು ಮುಗಿಯಲ್ಲ, ನನಗೆ ಗೊತ್ತು. ವರ್ಷಕ್ಕೆ ಒಂದೇ ಒಂದು ಹಬ್ಬ ನನಗೆ ಕೊಡಿ. ಬಿಸಿ ಆರೋಕೆ ಮುಂಚೆ ಬಂದು ಕೂತ್ಕೊಳ್ಳಿ. ಇನ್ನೇನೂ ಕೇಳಲ್ಲ."

ಅಂಗಡಿ ಮುಚ್ಚಿಬಿಡು ಅಂತ ನೀವು ಸುಲಭವಾಗಿ ಹೇಳಬಹುದು. ಅವನು ಮುಚ್ಚಿ ನೋಡಿದ್ದ ಸ್ವಾಮಿ! ಒಮ್ಮೆ ಹಬ್ಬದ ದಿನ ಬಾಗಿಲೆಳೆದು 'ಮೈ ಸರಿಯಿಲ್ಲ' ಎಂದು ಬೋರ್ಡು ತಗುಲಿಸಿದರೆ, ಎದುರುಮನೆಯ ಹಲ್ಲಿನ ಡಾಕ್ಟರು ಬನಿಯನ್ನಿನಲ್ಲೇ ಹಿತ್ತಲ ಕಡೆಯಿಂದ ಬಂದು, ಅಡುಗೆಮನೆಯ ಕಿಟಕಿಯಲ್ಲಿ ತಲೆ ತೂರಿಸಿ, "ಮೈ ಸರಿಯಿಲ್ಲ ಅಂದ್ರೆ ಕೈ ಸರಿ ಇರಬೇಕಲ್ಲ ಗೆರೆಯಣ್ಣ?" ಎಂದು ಅಂಗಿ ಚಾಚಿದ್ದರು. ಅವರ ಹಿಂದೆ ಸಾಲು.

ಹೆಂಡತಿ ಹಾಗೆ ಕೇಳಿದಂದಿನಿಂದ ಗೆರೆಯಣ್ಣ ತಲೆ ಕೆಡಿಸಿಕೊಂಡ. ಕಾಲರ್ ತಿಕ್ಕುವಾಗಲೂ ಅದೇ ಯೋಚನೆ, ಗುಂಡಿಯ ಸುತ್ತ ಪೆಟ್ಟಿಗೆ ತಿರುಗಿಸುವಾಗಲೂ ಅದೇ ಯೋಚನೆ. ಹಬ್ಬ ಬಂದರೆ ಜನಕ್ಕೆ ಇಸ್ತ್ರಿ ಬಟ್ಟೆ ಬೇಕು. ಇಸ್ತ್ರಿ ಬಟ್ಟೆ ಬೇಕಾದರೆ ಗೆರೆಯಣ್ಣ ಬೇಕು. ಹಾಗಾದರೆ ಇಸ್ತ್ರಿಯೇ ಬೇಡದ ಹಬ್ಬವೊಂದು ಇದ್ದರೆ? ಯಾವ ಹಬ್ಬದ ಒಂದೇ ಒಂದು ನಿಯಮ ಅಂದರೆ ಸುಕ್ಕುಸುಕ್ಕಾದ ಬಟ್ಟೆ ಹಾಕಿಕೊಳ್ಳಬೇಕು, ಅಂಥದ್ದು? ಹೊಳೆದ ಕೂಡಲೇ ಪೆಟ್ಟಿಗೆಯನ್ನು ಅಂಗಿಯ ಮೇಲೇ ಬಿಟ್ಟು ಒಳಗೆ ಓಡಿದ. ಆ ಅಂಗಿಯ ಜೇಬು ಸುಟ್ಟು ಹೋಯಿತು. ಹೊಸ ಅಂಗಿ ಕೊಡಿಸಬೇಕಾಯಿತು, ಕೊಡಿಸಿದ.

"ಸುಕ್ಕಿನ ಹಬ್ಬ!" ಎಂದ.

"ಏನಂದ್ರಿ?"

"ಹಬ್ಬ ಕಣೇ! ನಮ್ಮದೇ ಹಬ್ಬ. ಯಾರದ್ದೂ ಅಲ್ಲ. ಸುಕ್ಕು ಬಟ್ಟೆ ಹಾಕ್ಕೊಳ್ಳೋದು, ಬಿಸಿ ಊಟ ಮಾಡೋದು. ಅಲ್ಲಿಗೆ ಹಬ್ಬ ಮುಗೀತು."

ಹೆಂಡತಿ ಅವನ ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ. ಆಮೇಲೆ ಅವಳಿಗೆ ನಗು ಬಂತು, ನಗುವಿನ ಜೊತೆ ನಂಬಿಕೆಯೂ ಬಂತು. ಪರೀಕ್ಷೆ ಮುಗಿದು ಶಾಲೆ ಮುಚ್ಚಿದ ಮೇಲೆ ಬರುವ ಮೊದಲ ಮಂಗಳವಾರ ಎಂದು ಇಬ್ಬರೂ ಸೇರಿ ಗೊತ್ತುಮಾಡಿದರು. ಯಾರ ಮದುವೆಯೂ ಇಲ್ಲದ, ಯಾವ ಗದ್ದಲವೂ ಇಲ್ಲದ ಸಪ್ಪೆ ವಾರ ಅದು.

ಮೊದಲ ವರ್ಷದ ಹಬ್ಬಕ್ಕೆ ಹೆಚ್ಚಿನ ತಯಾರಿ ಬೇಕಾಗಲಿಲ್ಲ. ಗೆರೆಯಣ್ಣನ ಸ್ವಂತ ಅಂಗಿ ವರ್ಷವಿಡೀ ಸುಕ್ಕಾಗಿಯೇ ಇರುತ್ತಿತ್ತು. ಊರಿನವರ ಬಟ್ಟೆಗೆಲ್ಲ ಕೈಯಾಡಿಸಿ ದಣಿದವನು ತನ್ನದಕ್ಕೆ ಎಲ್ಲಿ ಕೈ ಹಾಕಿಯಾನು? ಹೆಂಡತಿಯ ನೀಲಿ ಉಡುಪಿನದೂ ಅದೇ ಕಥೆ. ಅವನು ಬಾಗಿಲೆಳೆದು 'ಇಂದು ಹಬ್ಬ' ಎಂದು ಬರೆದ ರಟ್ಟು ತಗುಲಿಸಿದ. ಆಶ್ಚರ್ಯ ನೋಡಿ, ಮೈ ಸರಿಯಿಲ್ಲ ಅಂದಾಗ ಕಿಟಕಿಯಲ್ಲಿ ತಲೆ ಹಾಕಿದ್ದ ಜನ ಹಬ್ಬ ಅಂದಾಗ ಬಾಗಿಲು ಮುಟ್ಟಲಿಲ್ಲ. ಒಬ್ಬೊಬ್ಬರೇ ಬಂದರು, ಓದಿದರು, ಗಂಟು ಬಗಲಿಗೇರಿಸಿಕೊಂಡು ವಾಪಸು ಹೋದರು. ಯಾವ ಹಬ್ಬ ಎಂದು ಕೇಳಿದರೆ ತಮ್ಮ ಅಜ್ಞಾನ ಬಯಲಾದೀತೆಂದು ಯಾರೂ ಕೇಳಲಿಲ್ಲ.

ಮಧ್ಯಾಹ್ನ ಪುಟ್ಟ ಪಾತ್ರೆಯಿಂದ ಹಬೆ ಏಳುತ್ತಿತ್ತು. ತರಕಾರಿ ಸೂಪು, ಪಕ್ಕದಲ್ಲಿ ಹುರಿದ ಆಲೂಗಡ್ಡೆ. ಗೆರೆಯಣ್ಣ ವರ್ಷಗಟ್ಟಲೆ ಮಾಡಿದ ಅಭ್ಯಾಸದಂತೆ ದೊಡ್ಡ ಚಮಚ ತುಂಬಿ ಗಬಕ್ಕನೆ ಬಾಯಿಗಿಟ್ಟ.

"ಹಾ!" ಎಂದು ಕೂಗಿ, ಬಾಯಿ ತೆರೆದು, ಎರಡೂ ಕೈಯಿಂದ ಗಾಳಿ ಬೀಸಿಕೊಂಡ. ಕಣ್ಣಲ್ಲಿ ನೀರು.

"ಅಯ್ಯೋ, ಊದ್ಕೊಂಡು ತಿನ್ನಬೇಕು ಅನ್ನೋದೂ ಮರ್ತೋಯ್ತಾ ನಿಮಗೆ?" ಎಂದು ಅವಳು ನಗಲು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ಅವಳು ನಕ್ಕಿದ್ದಕ್ಕೆ ಅವನೂ ನಕ್ಕ. ಬಾಯಿ ಸುಟ್ಟುಕೊಂಡು ಯಾರಾದರೂ ಇಷ್ಟು ಸಂತೋಷಪಟ್ಟದ್ದುಂಟೇ? ಗೆರೆಯಣ್ಣ ಪಟ್ಟ. ಅವನ ಬದುಕಿನ ಅತಿ ಒಳ್ಳೆಯ ದಿನ ಅದು, ಇದರಲ್ಲಿ ಎರಡು ಮಾತಿಲ್ಲ.

ಅಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ಆದರೆ ಸಂಜೆ ಇಬ್ಬರೂ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಾಗ ಎದುರುಮನೆಯ ಡಾಕ್ಟರು ರಸ್ತೆ ದಾಟಿ ಬಂದರು. ಗಂಜಿ ಹಾಕಿದ ಬಿಳಿ ಕೋಟಿನೊಳಗೆ ಸದಾ ಸೆಟೆದುಕೊಂಡೇ ಇರುವ ಮನುಷ್ಯ ಆತ. ಮೊಣಕೈ ಮಡಚಿದರೆ ಗೆರೆ ಕೆಡುತ್ತದೆಂದು ಚಹಾ ಕುಡಿಯುವಾಗಲೂ ಲೋಟವನ್ನು ಮೇಲೆತ್ತದೆ ತಲೆಯನ್ನೇ ಲೋಟದ ಹತ್ತಿರ ತರುವವರು.

"ಏನು ಹಬ್ಬ ಗೆರೆಯಣ್ಣ ಇವತ್ತು?" ಎಂದು ಗುಟ್ಟಾಗಿ ಕೇಳಿದರು.

"ಸುಕ್ಕಿನ ಹಬ್ಬ, ಡಾಕ್ಟ್ರೇ. ಇವತ್ತು ಸುಕ್ಕು ಬಟ್ಟೆ ಹಾಕ್ಬೇಕು."

ಡಾಕ್ಟರು ತಮ್ಮ ತೋಳು ನೋಡಿಕೊಂಡರು. ಅವರ ಮುಖದಲ್ಲಿ ಎಂಥದೋ ಆಸೆ ಮೂಡಿತು. "ಯಾರು ಬೇಕಾದ್ರೂ ಮಾಡ್ಬಹುದಾ?"

"ಧಾರಾಳವಾಗಿ ಮಾಡಿ," ಎಂದುಬಿಟ್ಟ ಗೆರೆಯಣ್ಣ. ಬಾಯಿ ಸುಟ್ಟಿದ್ದ ಖುಷಿಯಲ್ಲಿದ್ದ ಪಾಪ, ಯಾರು ಏನು ಕೇಳಿದರೂ ಹೂಂ ಅನ್ನುತ್ತಿದ್ದ.

ಮರುವರ್ಷ ಸೂಪು ಕುದಿಯುವ ಹೊತ್ತಿಗೆ ಸರಿಯಾಗಿ ಡಾಕ್ಟರು ಬಾಗಿಲಲ್ಲಿ ಹಾಜರು. ಅವರ ಹಿಂದೆ ಅವರ ಮನೆಯವರು, ಮನೆಯವರ ಹಿಂದೆ ಅಕ್ಕಪಕ್ಕದವರು. "ನೋಡಿ ಗೆರೆಯಣ್ಣ, ಸುಕ್ಕು ಸರಿಯಾಗಿದೆಯಾ?" ಎಂದು ಡಾಕ್ಟರು ಎದೆಯುಬ್ಬಿಸಿ ಒಂದು ಸುತ್ತು ತಿರುಗಿದರು.

ಈಗ ಹೇಳಿ, ಏನನ್ನಬೇಕಿತ್ತು? ಭೇಷ್ ಎಂದು ಬಾಗಿಲು ಹಾಕಿಕೊಳ್ಳಬೇಕಿತ್ತು. ಆದರೆ ಗೆರೆಯಣ್ಣ ಕಸುಬುದಾರ. ಬಟ್ಟೆಯ ಮೇಲೆ ಕಣ್ಣು ಬಿದ್ದರೆ ನಾಲಿಗೆ ಅವನ ಮಾತು ಕೇಳುವುದಿಲ್ಲ. ಜೀವಮಾನವಿಡೀ ಸುಕ್ಕಿನೊಡನೆ ಗುದ್ದಾಡಿದವನಿಗೆ ಒಂದೊಂದು ಸುಕ್ಕಿನ ಹುಟ್ಟೂ ಗೊತ್ತು. ಕೂತು ಬಿದ್ದ ಸುಕ್ಕು ಬೇರೆ, ಮಲಗಿ ಬಿದ್ದ ಸುಕ್ಕು ಬೇರೆ, ಹಿಂಡಿದ್ದು ಬೇರೆ, ಟ್ರಂಕಿನ ತಳದಲ್ಲಿ ವರ್ಷ ಕಳೆದದ್ದು ಬೇರೆ.

"ಇದು ಸುಕ್ಕಲ್ಲ ಡಾಕ್ಟ್ರೇ," ಎಂದ. "ಅಂಗಿ ಮೇಲೆ ಸುಮ್ನೆ ಕೂತು ಎದ್ದಿದ್ದೀರಿ. ಸಾಯಂಕಾಲದೊಳಗೆ ಬಿಟ್ಕೊಳ್ಳುತ್ತೆ. ಕೊಡಿ ಇಲ್ಲಿ."

ಆ 'ಕೊಡಿ ಇಲ್ಲಿ' ಅನ್ನುವ ಮಾತೇ ಅವನಿಗೆ ಮುಳುವಾಯಿತು. ಅಂಗಿಗೆ ನೀರು ಚಿಮುಕಿಸಿದ. ಹಗ್ಗದಂತೆ ಹಿಂಡಿದ. ಗಂಟು ಕಟ್ಟಿ ಮುಷ್ಟಿಯಿಂದ ಗುದ್ದಿದ. ಬಿಚ್ಚಿ ಹರವಿ, ಎದ್ದು ನಿಂತ ಸುಕ್ಕಿನ ಮೇಲೆ ಬೆಚ್ಚಗಿನ ಪೆಟ್ಟಿಗೆಯನ್ನು ಎತ್ತಿ ಎತ್ತಿ ಒತ್ತಿ, ಅದು ಜನ್ಮದಲ್ಲಿ ಬಿಡದಂತೆ ಕೂರಿಸಿದ. ಆ ಅಂಗಿ ತೊಟ್ಟ ಡಾಕ್ಟರು ಕಳೆದ ವಾರದಿಂದ ಬಸ್ ನಿಲ್ದಾಣದಲ್ಲಿ ಮಲಗಿದ್ದವರ ಹಾಗೆ ಕಂಡರು. ನೆರೆದವರು "ಆಹಾ!" ಎಂದರು. ಇಷ್ಟಾದ ಮೇಲೆ ಡಾಕ್ಟರ ಮನೆಯವರಿಗೆ ಇಲ್ಲ ಅನ್ನಲಾದೀತೇ? ಅವರದ್ದೂ ಮಾಡಿದ.

ಒಳಗೆ ಬಂದಾಗ ಹೆಂಡತಿ ಸೂಪನ್ನು ಮತ್ತೆ ಬಿಸಿ ಮಾಡಿದಳು. ಇಬ್ಬರೂ ಉಂಡರು. ಸೂಪು ಬಿಸಿಯಾಗೇನೋ ಇತ್ತು, ಆದರೆ ಬಾಯಿ ಸುಡುವಷ್ಟಿರಲಿಲ್ಲ.

ಇನ್ನು ಅಕ್ಕನ ವಿಷಯ. ಗೆರೆಯಣ್ಣನ ಒಡಹುಟ್ಟಿದ ಅಕ್ಕ ಮಹಡಿಯ ಮೇಲೆ ಒಬ್ಬಳೇ ಇದ್ದಳು. ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂತು, ಚೀಟಿ ಸೊಟ್ಟ ಅಂಟಿಸಿದವರನ್ನೆಲ್ಲ ವಾಪಸು ಕಳಿಸಿ, ನಿವೃತ್ತಳಾಗಿ ಬಂದಿದ್ದಳು. ಕಿಟಕಿ ಹೋಗಿತ್ತು, ವಾಪಸು ಕಳಿಸುವ ಚಟ ಹೋಗಿರಲಿಲ್ಲ. ತಮ್ಮನ ಮನೆಯಲ್ಲಿ ಹಬ್ಬ ನಡೆದಿದೆ, ತನಗೆ ಒಂದು ಮಾತು ಹೇಳಿಲ್ಲ ಎಂದು ಗೊತ್ತಾದಾಗ ಅವಳು ದುಮುಗುಟ್ಟಿಕೊಂಡು ಕೆಳಗಿಳಿದು ಬಂದಳು.

"ಹಬ್ಬ ಅಂದ್ಮೇಲೆ ಒಂದು ರೀತಿ ನೀತಿ ಬೇಡ್ವೇನೋ? ಮನಸ್ಸಿಗೆ ಬಂದ ಹಾಗೆ ಸುಕ್ಕು ಮಾಡ್ಕೊಂಡು ಓಡಾಡಿದ್ರೆ ಆಯ್ತಾ?"

"ಅಕ್ಕಾ, ಅದು ನಾವಿಬ್ಬರೇ ಸುಮ್ನೆ ತಮಾಷೆಗೆ..."

"ತಮಾಷೆ! ಸುಕ್ಕಿನ ಹಬ್ಬ ಇವನಿಗೆ ತಮಾಷೆಯಂತೆ!"

ಮೂರನೆಯ ವರ್ಷಕ್ಕೆ ಅವಳು ಹಬ್ಬವನ್ನು ಪೂರ್ತಿಯಾಗಿ ಕೈಗೆ ತೆಗೆದುಕೊಂಡಳು. ಬೀದಿಯವರಿಗೆ ಒಬ್ಬರಾದರೂ ಹೇಳುವವರು ಬೇಕಿತ್ತು, ಅವಳಿಗೆ ಕೇಳುವವರು ಬೇಕಿತ್ತು, ಜೋಡಿ ಚೆನ್ನಾಗಿ ಕೂಡಿತು. ಗಂಡ ಹೆಂಡತಿಯ ಸುಕ್ಕು ಒಂದೇ ಕಡೆಗೆ ಮುಖ ಮಾಡಿರಬೇಕು ಎಂದಳು. ದಾರಿಯಲ್ಲಿ ಎದುರಾದವರು "ಸುಕ್ಕು ಹೆಚ್ಚಲಿ" ಅನ್ನಬೇಕು, ಅದಕ್ಕೆ ಇವರು "ಗೆರೆ ಅಳಿಯಲಿ" ಅನ್ನಬೇಕು ಎಂದಳು. ಮೊದಲ ಹಬ್ಬದಲ್ಲಿ ತಮ್ಮನು ಬಾಯಿ ಸುಟ್ಟುಕೊಂಡ ಸುದ್ದಿ ಅವಳ ಕಿವಿಗೂ ಬಿದ್ದಿತ್ತಲ್ಲ, ಅದನ್ನೂ ಬಿಡಲಿಲ್ಲ. ಮಧ್ಯಾಹ್ನ ತಾನು ಮಹಡಿಯಿಂದ ಗಂಟೆ ಬಾರಿಸುತ್ತೇನೆ, ಬಾರಿಸಿದ ಕೂಡಲೇ ಎಲ್ಲರೂ ಒಟ್ಟಿಗೆ ಬಾಯಿ ಸುಟ್ಟುಕೊಳ್ಳಬೇಕು ಎಂದಳು. ಯಾರಾದರೂ ಯಾಕೆ ಎಂದು ಕೇಳಿದರೆ "ನಮ್ಮ ಕಾಲದಲ್ಲಿ ಹೀಗೆಲ್ಲ ಪ್ರಶ್ನೆ ಕೇಳ್ತಿರಲಿಲ್ಲಪ್ಪ," ಅನ್ನುತ್ತಿದ್ದಳು. ನಮ್ಮ ಕಾಲ ಅಂದರೆ ಹೋದ ವರ್ಷ.

ಎಲ್ಲಕ್ಕಿಂತ ದೊಡ್ಡ ಆಪತ್ತು ಇನ್ನೊಂದು. ಹಳೇ ಸುಕ್ಕಿನ ಮೇಲೆ ಹೊಸ ಸುಕ್ಕು ಬೀಳಬಾರದು, ಅದು ಹಬ್ಬಕ್ಕೆ ಮಾಡುವ ಅಪಚಾರ ಎಂದು ಅವಳು ಅಪ್ಪಣೆ ಕೊಡಿಸಿದಳು. ಅಂದರೆ ಬಟ್ಟೆಯನ್ನು ಮೊದಲು ಚೆನ್ನಾಗಿ ಇಸ್ತ್ರಿ ಮಾಡಬೇಕು, ಆಮೇಲೆ ಅದನ್ನು ಸುಕ್ಕು ಮಾಡಬೇಕು. ಕೇಳಿದಿರಾ? ಬೇರೆ ಹಬ್ಬಕ್ಕೆ ಒಂದು ಕೆಲಸವಾದರೆ ಗೆರೆಯಣ್ಣನ ಸ್ವಂತ ಹಬ್ಬಕ್ಕೆ ಎರಡು ಕೆಲಸ!

ಹಬ್ಬಕ್ಕೆ ವಾರವಿರುವಾಗಲೇ ಗಂಟುಗಳು ಬಂದು ಬೀಳತೊಡಗಿದವು. ಮನೆಯಲ್ಲೇ ಮಾಡಿಕೊಳ್ಳಿರಯ್ಯಾ, ಸುಕ್ಕು ಮಾಡಲು ಬಾರದವರು ಯಾರಿದ್ದಾರೆ ಎಂದು ಗೆರೆಯಣ್ಣ ಕೈಮುಗಿದ. ಯಾರೂ ಕೇಳಲಿಲ್ಲ. "ನಿಮ್ಮ ಕೈಯ ಸುಕ್ಕೇ ಬೇರೆ ಗೆರೆಯಣ್ಣ," ಎಂದು ಉಬ್ಬಿಸಿದರು. ಅವನೂ ಉಬ್ಬಿದ, ಸುಳ್ಳು ಯಾಕೆ ಹೇಳಬೇಕು. ಹಬ್ಬದ ದಿನ ಮಧ್ಯಾಹ್ನ ಮಹಡಿಯ ಮೇಲೆ ಗಂಟೆ ಢಣಢಣ ಬಾರಿಸಿದಾಗ ಬೀದಿಯ ಆ ತುದಿಯಿಂದ ಈ ತುದಿಯವರೆಗೂ ಮನೆಮನೆಯಿಂದ "ಹಾ! ಹಾ!" ಎಂದು ಜನ ಬಾಯಿ ಸುಟ್ಟುಕೊಳ್ಳುವ ಸದ್ದು ಕೇಳಿಸಿತು. ಆ ಹಬ್ಬ ಕಟ್ಟಿದ ಮನುಷ್ಯ ಮಾತ್ರ ಬ್ಯಾಂಡ್ ಮೇಳದವರ ಸಮವಸ್ತ್ರಕ್ಕೆ ಸುಕ್ಕು ಕೂರಿಸುತ್ತಾ ನಿಂತೇ ಇದ್ದ.

ಹೆಂಡತಿ ಒಂದು ತಟ್ಟೆಗೆ ಮುಚ್ಚಳ ಹಾಕಿ ತಂದು ಗಿರಾಕಿಗಳ ಕುರ್ಚಿಯ ಮೇಲಿಟ್ಟಳು.

"ನಾನು ಊಟ ಮಾಡಿದೆ," ಎಂದಳು.

"ಇನ್ನೇನು ಬಂದೆ, ಈ ಕೋಟೊಂದು..."

"ನಿಧಾನವಾಗಿ ಬನ್ನಿ. ಆ ಚಿಕ್ಕ ಪಾತ್ರೆ ತೊಳೆದು ಅಟ್ಟಕ್ಕೆ ಹಾಕ್ದೆ. ಇನ್ಮೇಲೆ ದೊಡ್ಡದರಲ್ಲೇ ಮಾಡಿ ಇಟ್ಟಿರ್ತೀನಿ. ನಿಮಗೆ ಬೇಕಾದಾಗ ಬಡಿಸ್ಕೊಂಡು ತಿನ್ನಿ."

ಕೋಪದಲ್ಲಿ ಹೇಳಿದ್ದರೆ ಗೆರೆಯಣ್ಣ ಹೆದರುತ್ತಿರಲಿಲ್ಲ. ಅವಳು ಕೋಪವೇ ಇಲ್ಲದೆ, ಶಾಲೆಯ ಮಕ್ಕಳಿಗೆ ಸಾಲಾಗಿ ನಿಲ್ಲಿ ಅನ್ನುವ ಹಾಗೆ ಹೇಳಿ ಒಳಗೆ ಹೋದಳು. ಮುಚ್ಚಳ ತೆಗೆದರೆ ಸೂಪಿನ ಮೇಲೆ ಕೆನೆಗಟ್ಟಿತ್ತು. ಆ ಕೆನೆಯೂ ಸುಕ್ಕುಗಟ್ಟಿದೆಯಲ್ಲಾ ಎಂದು ಗೆರೆಯಣ್ಣನಿಗೆ ಅನ್ನಿಸಿ, ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೆ ತನಗೇ ಸಿಟ್ಟು ಬಂತು.

ಆ ವರ್ಷವೆಲ್ಲ ಪಾತ್ರೆ ಅಟ್ಟದಲ್ಲೇ ಇತ್ತು. ಬೇರೆ ಹಬ್ಬಗಳು ಬಂದವು, ಹೋದವು, ಅವಳು ದೊಡ್ಡ ಪಾತ್ರೆಯಲ್ಲಿ ಬೇಯಿಸಿ ಮುಚ್ಚಿಟ್ಟು ಮಲಗಿದಳು. ಪರೀಕ್ಷೆಯ ದಿನಗಳು ಹತ್ತಿರ ಬಂದಾಗ ಗೆರೆಯಣ್ಣ ಧೈರ್ಯ ಮಾಡಿ ಮಹಡಿ ಹತ್ತಿದ.

"ಅಕ್ಕಾ, ಈ ಸಲ ಸುಕ್ಕಿನ ಹಬ್ಬ ನಿಲ್ಲಿಸಿಬಿಡೋಣ."

ಅಕ್ಕ ಕನ್ನಡಕ ಏರಿಸಿ ಅವನನ್ನು ದಿಟ್ಟಿಸಿದಳು. "ನಿಲ್ಲಿಸೋಕೆ ನೀನ್ಯಾರೋ?"

"ನಾನೇ ಅಲ್ವೇನಕ್ಕ ಅದನ್ನ ಶುರು ಮಾಡಿದ್ದು! ನಾನೇ ಕಂಡುಹಿಡಿದಿದ್ದು!"

"ಹಾಗಂತ ತುಂಬಾ ಜನ ಹೇಳ್ಕೋತಾರೆ," ಎಂದಳು ಅಕ್ಕ. "ಮೊನ್ನೆ ಡಾಕ್ಟ್ರೂ ಹೇಳ್ತಿದ್ರು. ಹಿಂದಿನಿಂದ ನಡ್ಕೊಂಡು ಬಂದಿದ್ದು ಕಣೋ ಇದು, ನಿನ್ನ ಮನಸ್ಸಿಗೆ ಬಂದಾಗ ನಿಲ್ಲಿಸೋಕಾಗಲ್ಲ. ಹೋಗು, ನನ್ನ ಹಸಿರು ಅಂಗಿಗೆ ಈ ಸಲ ಭುಜದ ಹತ್ರ ಸ್ವಲ್ಪ ಜಾಸ್ತಿ ಸುಕ್ಕು ಇರ್ಲಿ."

ಮೆಟ್ಟಿಲಿಳಿಯುವಾಗ ಅವನ ಕೈಯಲ್ಲಿ ಆ ಹಸಿರು ಅಂಗಿ ಇತ್ತು. ಯಾವಾಗ ಇಸಿದುಕೊಂಡೆ ಎಂಬುದೇ ಅವನಿಗೆ ತಿಳಿಯಲಿಲ್ಲ.

ಹಬ್ಬದ ಬೆಳಿಗ್ಗೆ ಅಂಗಡಿಯ ಮುಂದೆ ಜನವೋ ಜನ. "ಸುಕ್ಕು ಹೆಚ್ಚಲಿ!" "ಗೆರೆ ಅಳಿಯಲಿ!" ಎಂಬ ಗದ್ದಲ. ಕೆಲವರು ಹೊಸ ಅಂಗಿಯನ್ನೇ ಸುಕ್ಕಿಗೆಂದು ತಂದಿದ್ದರು. ಮುಂದೆ ಡಾಕ್ಟರು, ಅವರ ಪಕ್ಕದಲ್ಲಿ ಉಸ್ತುವಾರಿಗೆ ಅಕ್ಕ. ಒಳಗೆ ದೊಡ್ಡ ಪಾತ್ರೆ ಒಲೆಯ ಮೇಲೆ ಕೂತ ಸದ್ದು ಗೆರೆಯಣ್ಣನಿಗೆ ಕೇಳಿಸಿತು. ಆ ಪಾತ್ರೆಯ ಸದ್ದೇ ಬೇರೆ, ಚಿಕ್ಕದರ ಸದ್ದೇ ಬೇರೆ. ಅವನು ಡಾಕ್ಟರ ಅಂಗಿಗೆ ಕೈ ಚಾಚಿದ. ಚಾಚಿದ ತನ್ನ ತೋಳು ಅವನ ಕಣ್ಣಿಗೆ ಬಿತ್ತು. ಎಂದೂ ಇಸ್ತ್ರಿ ಕಾಣದ ತೋಳು. ಊರೆಲ್ಲ ದುಡ್ಡು ಕೊಟ್ಟು ಮಾಡಿಸಿಕೊಳ್ಳುತ್ತಿರುವ ಸುಕ್ಕು ಅದರಲ್ಲಿ ಬಿಟ್ಟಿಯಾಗಿ ತುಂಬಿಕೊಂಡಿತ್ತು.

ಗೆರೆಯಣ್ಣ ಡಾಕ್ಟರ ಅಂಗಿಯನ್ನು ಪಕ್ಕಕ್ಕಿಟ್ಟ. ತನ್ನ ಅಂಗಿಯ ಗುಂಡಿ ಬಿಚ್ಚಿದ. ಬನಿಯನ್ನಿನಲ್ಲಿ ನಿಂತು ಅಂಗಿಯನ್ನು ಮೇಜಿನ ಮೇಲೆ ಹರವಿದ.

"ಏನು ಮಾಡ್ತಿದ್ದಾರೆ?" ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು.

"ಶ್! ತಮ್ಮ ಅಂಗಿಗೇ ಸುಕ್ಕು ಹಾಕ್ತಿದ್ದಾರೆ," ಎಂದರು ಡಾಕ್ಟರು ಭಕ್ತಿಯಿಂದ. "ಮೊದಲು ಇಸ್ತ್ರಿ, ಆಮೇಲೆ ಸುಕ್ಕು. ನೋಡ್ತಾ ಇರಿ."

ಎಲ್ಲರೂ ಉಸಿರು ಬಿಗಿಹಿಡಿದು ನೋಡಿದರು. ನೀರು ಚಿಮುಕಿಸಿದ. ಕಾಲರ್ ಮೊದಲು, ಆಮೇಲೆ ಭುಜ, ಆಮೇಲೆ ತೋಳು, ಬೆನ್ನು, ಕೊನೆಗೆ ಗುಂಡಿಯ ಪಟ್ಟಿ. ಪೆಟ್ಟಿಗೆ ಹೋದಲ್ಲೆಲ್ಲ ಅಂಗಿ ತಣ್ಣಗೆ ಮಲಗಿತು. ಅಷ್ಟು ಹಳೆಯ ಅಂಗಿಗೆ ಅಂಥ ಬಣ್ಣವಿದೆ ಎಂದು ಅವನಿಗೇ ಗೊತ್ತಿರಲಿಲ್ಲ. ಇನ್ನು ಹಿಂಡುತ್ತಾನೆ, ಇನ್ನು ಗುದ್ದುತ್ತಾನೆ ಎಂದು ಜನ ಕತ್ತು ಚಾಚಿ ಕಾಯುತ್ತಿದ್ದರೆ ಗೆರೆಯಣ್ಣ ಅದನ್ನು ಹಾಗೇ ಎತ್ತಿ ತೊಟ್ಟುಕೊಂಡ. ಒಂದೊಂದಾಗಿ ಗುಂಡಿ ಹಾಕಿದ.

ಅಕ್ಕ, "ಲೋ! ಹಬ್ಬದ ದಿನ ಇದೇನೋ ನಿನ್ನ ಅವತಾರ? ತೆಗಿ ಅದನ್ನ!" ಎಂದು ಚೀರಿದಳು.

ಗೆರೆಯಣ್ಣ ಪರದೆಯ ಕಡೆ ತಿರುಗಿದ. "ಲೇ, ಆ ನೀಲಿ ಉಡುಪು ಬಿಚ್ಚಿ ಕೊಡು ಇಲ್ಲಿ!"

ಹೊರಗೆ ಮುದುಕರೊಬ್ಬರು ಕಿವಿ ಮುಚ್ಚಿಕೊಂಡರು. ಪರದೆಯಾಚೆ ಸೌಟಿನ ಸದ್ದು ನಿಂತಿತು. ಅವಳು ಪರದೆಯ ಸಂದಿಯಿಂದ ಒಂದು ಕಣ್ಣಿನಲ್ಲಿ ನೋಡಿದಳು. ಗಂಡ ಗರಿಗರಿ ಅಂಗಿಯಲ್ಲಿ ನಿಂತಿದ್ದಾನೆ, ಊರೆಲ್ಲ ಬಾಯಿ ತೆರೆದು ನಿಂತಿದೆ. ಒಂದು ಗಳಿಗೆ ಬಿಟ್ಟು ಪರದೆಯ ಸಂದಿಯಿಂದ ಒಂದು ಕೈ ಹೊರಬಂತು, ಕೈಯಲ್ಲಿ ನೀಲಿ ಉಡುಪು. ಆ ಉಡುಪಿಗೆ ಗೆರೆಯಣ್ಣ ಇಸ್ತ್ರಿ ಮಾಡಿದ ಹಾಗೆ ಇನ್ನಾವ ಬಟ್ಟೆಗೂ ಮಾಡಿರಲಿಕ್ಕಿಲ್ಲ. ಅಂಚಿನ ಮಡಿಕೆಯನ್ನು ಬೆರಳಿನಿಂದ ಬಿಡಿಸಿ ಬಿಡಿಸಿ ಒತ್ತಿದ. ಇಷ್ಟು ವರ್ಷ ಜೊತೆಗಿದ್ದೂ ಇವಳ ಬಟ್ಟೆ ಒಂದನ್ನಾದರೂ ಈ ಮೇಜಿನ ಮೇಲೆ ಇಟ್ಟಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು ಅವನಿಗೆ.

ಅವಳು ಅದನ್ನು ತೊಟ್ಟು ಹೊರಗೆ ಬಂದಳು. ಗೋಡೆಯ ಬಣ್ಣ ಇನ್ನೂ ಹಸಿಯಿರುವ ಓಣಿಯಲ್ಲಿ ನಡೆಯುವವರ ಹಾಗೆ ಎರಡೂ ಕೈಯನ್ನು ಮೈಯಿಂದ ದೂರ ಹಿಡಿದು ಬಂದಳು. ಗಂಡನ ಪಕ್ಕದಲ್ಲಿ ನಿಂತಳು.

ಆಮೇಲೆ ಎದ್ದ ಗದ್ದಲ ಏನು ಹೇಳಲಿ! "ಛೇ ಛೇ, ಇಬ್ಬರೂ!" "ಹಬ್ಬಕ್ಕೆ ಮರ್ಯಾದೆ ಇಲ್ವಾ?" "ಇಂಥ ಕೈಯಿಂದ ನಮಗೆ ಸುಕ್ಕು ಬೇಡವೇ ಬೇಡ!" ಒಬ್ಬೊಬ್ಬರೇ ನುಗ್ಗಿ ತಂತಮ್ಮ ಗಂಟು ಕಿತ್ತುಕೊಂಡರು. ಬ್ಯಾಂಡ್ ಮೇಳದವರು ಸಮವಸ್ತ್ರವನ್ನು ಎದೆಗವಚಿಕೊಂಡು ಹೊರಟರು. ಗೋಡೆಯುದ್ದಕ್ಕೂ ಇದ್ದ ಗಂಟುಗಳೆಲ್ಲ ಖಾಲಿಯಾಗಿ ಗೋಡೆ ಕಾಣಿಸಿತು. ಅದಕ್ಕೆ ಹಸಿರು ಬಣ್ಣ ಬಳಿದಿತ್ತು ಎಂಬುದು ಗೆರೆಯಣ್ಣನಿಗೆ ಮರೆತೇ ಹೋಗಿತ್ತು. ಅಕ್ಕ ಮೆಟ್ಟಿಲ ಮೇಲೆ ನಿಂತು, ತನ್ನ ಹಸಿರು ಅಂಗಿಯನ್ನು ಬಾವುಟದಂತೆ ಎತ್ತಿ ಹಿಡಿದು ಎಲ್ಲರಿಗೂ ಕೇಳುವಂತೆ ಸಾರಿದಳು:

"ಕೇಳ್ರಪ್ಪಾ! ಇವತ್ತು ಈ ಮನೆ ಹೊಸ್ತಿಲು ಯಾರೂ ತುಳೀಬಾರ್ದು! ಯಾರೂ ಇವರನ್ನ ಮಾತಾಡಿಸ್ಬಾರ್ದು! ಏನೂ ಕೇಳ್ಬಾರ್ದು, ಏನೂ ಕೊಡ್ಬಾರ್ದು!"

"ಹಾಗೇ ಆಗ್ಲಿ ಅಕ್ಕ," ಎಂದ ಗೆರೆಯಣ್ಣ. ಅವನ ಧ್ವನಿ ನಡುಗುತ್ತಿತ್ತು. ಜನ ಅದನ್ನು ಪಶ್ಚಾತ್ತಾಪ ಅಂದುಕೊಂಡರು.

ಬಾಗಿಲು ಹಾಕಿ ಅಗುಳಿ ಸರಿಸಿದ. ತಿರುಗಿ ನೋಡಿದರೆ ಹೆಂಡತಿ ಸ್ಟೂಲು ಹತ್ತಿ ಅಟ್ಟಕ್ಕೆ ಕೈ ಹಾಕಿದ್ದಳು. ಧೂಳು ಅವಳ ನೀಲಿ ಉಡುಪಿನ ಮೇಲೆಲ್ಲ ಬಿತ್ತು, ಅವಳು ಗಮನಿಸಲಿಲ್ಲ. ಪುಟ್ಟ ಪಾತ್ರೆಯನ್ನು ತೊಳೆದು, ಸೊಟ್ಟ ಬುಡ ಅಲುಗಾಡದಂತೆ ಒಲೆಯ ಮೇಲೆ ಕೂರಿಸಿದಳು. ಅವನು ಈರುಳ್ಳಿ ಸುಲಿದುಕೊಟ್ಟ. ಮಧ್ಯಾಹ್ನ ಮಹಡಿಯ ಗಂಟೆ ಸಿಟ್ಟಿನಿಂದ ಬಾರಿಸಿತು, ಬೀದಿಯೆಲ್ಲ "ಹಾ! ಹಾ!" ಎಂದಿತು, ಅದೇ ಹೊತ್ತಿಗೆ ಅವಳು ಬಟ್ಟಲಿಗೆ ಸೂಪು ಬಡಿಸಿದಳು. ಹಬೆ ಅವನ ಮುಖಕ್ಕೆ ಬಡಿಯಿತು. ಗೆರೆಯಣ್ಣ ಚಮಚ ಎತ್ತಿ, ಊದಬೇಕು ಎಂದು ನೆನಪಿಟ್ಟುಕೊಂಡು ಬಾಯಿ ಮುಂದೆ ಮಾಡಿದ.

ಅಡುಗೆಮನೆಯ ಕಿಟಕಿಯಲ್ಲಿ ಟಕ್ ಟಕ್ ಎಂದಿತು.

ಡಾಕ್ಟರು. ಅಂಥ ಬಿಸಿಲಿನಲ್ಲೂ ಕತ್ತಿನವರೆಗೆ ಗುಂಡಿ ಹಾಕಿದ ಉದ್ದನೆಯ ಮಳೆ ಕೋಟು ತೊಟ್ಟು ನಿಂತಿದ್ದರು. ಅತ್ತ ಇತ್ತ ನೋಡಿ, ಕೋಟನ್ನು ಕಳಚಿ ತೋಳಿನ ಮೇಲೆ ಹಾಕಿಕೊಂಡರು. ಒಳಗೆ ಬಿಳಿ ಅಂಗಿ.

"ಗೆರೆಯಣ್ಣ, ನಾನೂ ನಿಮ್ಮ ಪಂಗಡವೇ," ಎಂದು ಪಿಸುಗುಟ್ಟಿದರು. "ಬೆಳಿಗ್ಗೆ ನಿಮ್ಮನ್ನ ನೋಡಿದ ಮೇಲೆ ತಡ್ಕೊಳ್ಳೋಕಾಗ್ಲಿಲ್ಲ. ಬಾಗಿಲು ಹಾಕ್ಕೊಂಡು ಮನೇಲೇ ಇಸ್ತ್ರಿ ಮಾಡ್ಕೊಂಡೆ. ಇನ್ನೂ ಇಬ್ಬರು ಮೂವರಿಗೂ ಆಸೆ ಇದೆಯಂತೆ. ನೋಡಿ, ಸರಿಯಾಗಿದೆಯಾ?"

ಗೆರೆಯಣ್ಣ ನೋಡಿದ. ನೋಡಬಾರದಿತ್ತು, ನೋಡಿಬಿಟ್ಟ. ಅಯ್ಯಯ್ಯೋ, ಅದೇನು ಇಸ್ತ್ರಿಯೋ! ತೋಳಿಗೆ ಒಂದಲ್ಲ, ಎರಡು ಗೆರೆ ಬಿದ್ದಿತ್ತು, ಎರಡೂ ಸೊಟ್ಟ. ಕಾಲರಿನ ತುದಿ ಮೇಲಕ್ಕೆ ಮುಗುಚಿಕೊಂಡಿತ್ತು. ಜೇಬಿನ ಮೇಲೆ ಕಂದು ಬಣ್ಣದ ಸುಟ್ಟ ಕಲೆ. ಅವನ ಬಲಗೈ ತಾನಾಗಿಯೇ ಚಮಚ ಕೆಳಗಿಟ್ಟಿತು. ಬೆರಳುಗಳು ಕಡಿಯತೊಡಗಿದವು. ಪರದೆಯಾಚೆ ಮೇಜಿನ ಮೇಲೆ ಪೆಟ್ಟಿಗೆ ಇನ್ನೂ ಬೆಚ್ಚಗಿರುತ್ತದೆ. ತೋಳೊಂದೇ ತಾನೇ, ಎಷ್ಟು ಹೊತ್ತು? ಅವನು ಕುರ್ಚಿಯಿಂದ ಅರ್ಧ ಎದ್ದ. 'ಕೊಡಿ ಇಲ್ಲಿ' ಎಂಬ ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು.

ಹೆಂಡತಿ ಅವನನ್ನು ನೋಡಲಿಲ್ಲ. ಅವನ ಬಟ್ಟಲಿನಿಂದ ಏಳುತ್ತಿದ್ದ ಹಬೆಯನ್ನು ನೋಡುತ್ತಾ, ಪಕ್ಕದಲ್ಲಿದ್ದ ಮುಚ್ಚಳದ ಮೇಲೆ ಕೈ ಇಟ್ಟು ಕೂತಿದ್ದಳು.

ಗೆರೆಯಣ್ಣ ಕಿಟಕಿಯ ಹತ್ತಿರ ಹೋದ. ಆ ಎರಡು ಗೆರೆಯ ತೋಳನ್ನು ಇನ್ನೊಮ್ಮೆ ನೋಡಿದ.

"ತುಂಬಾ ಚೆನ್ನಾಗಿದೆ, ಡಾಕ್ಟ್ರೇ," ಎಂದ. ಕಸುಬಿಗೆ ಇಳಿದ ಮೇಲೆ ಬಟ್ಟೆಯ ವಿಷಯದಲ್ಲಿ ಅವನು ಹೇಳಿದ ಮೊದಲ ಸುಳ್ಳು ಅದು. "ನನ್ನ ಕೈಯಲ್ಲೂ ಇಷ್ಟು ಚೆನ್ನಾಗಿ ಆಗ್ತಿರಲಿಲ್ಲ. ಮನೆಗೆ ಹೋಗಿ, ಊಟ ಆರೋಗುತ್ತೆ."

ಕಿಟಕಿ ಮುಚ್ಚಿ ಚಿಲಕ ಹಾಕಿದ. ಬಂದು ಕೂತ. ಅವಳು ಮುಚ್ಚಳದಿಂದ ಕೈ ತೆಗೆದಳು. ಗೆರೆಯಣ್ಣ ದೊಡ್ಡ ಚಮಚ ತುಂಬಿಕೊಂಡು, ಊದುವುದನ್ನು ಪೂರ್ತಿ ಮರೆತು, ಗಬಕ್ಕನೆ ಬಾಯಿಗಿಟ್ಟ.

"ಹಾ!"

"ಎಷ್ಟು ಸಲ ಹೇಳೋದು ನಿಮಗೆ," ಎಂದು ಅವಳು ನೀರಿನ ಲೋಟ ಮುಂದೆ ತಳ್ಳಿ, ಬಟ್ಟಲಿಗೆ ಇನ್ನೊಂದು ಸೌಟು ಬಿಸಿ ಸೂಪು ಹಾಕಿದಳು.